ಮಡಿಯುಟ್ಟ ಫಟಫಟಿ

ನಮ್ಮ ಮನೆಯ ಹಿತ್ತಲಲ್ಲಿ ಮಡಿಬಟ್ಟೆ ಒಣಹಾಕಲು ಒಂದು ಗಳ ಇದೆ. ಯಾರ ಕೈಗೂ ನಿಲುಕದಷ್ಟು ಎತ್ತರಕ್ಕೆ ಕಟ್ಟಿದ್ದು. ಅವ್ವ ಕೋಲಿನ ತುದಿಯಿಂದ ಬಟ್ಟೆಯನ್ನು ಅದಕ್ಕೆ ಏರಿಸುವುದನ್ನು ನೋಡಿದರೆ ಸರ್ಕಸ್ಸಿನವರೂ ನಾಚಬೇಕು. ಮೊನ್ನೆ ರವಿವಾರ ಮಧ್ಯಾಹ್ನ ಅದರ ಕೆಳಗೆ ಕೂತು ಚಹಾ ಕುಡಿಯುತ್ತಿದ್ದೆ. ಮೇಲೆ ಅಪ್ಪನ ಮಗುಟ ಒಣಗುತ್ತಿತ್ತು. ಮಗುಟ ಎಂದರೆ ಪೂಜೆಗೆ ಉಡುವ ರೇಷ್ಮೆ ಪಂಚೆ. ನಮ್ಮ ಮನೆಯದು ಬದನೆಕಾಯಿ ಬಣ್ಣದ್ದು. ಅದರ ಅಂಚಿನ ಹತ್ತಿರ ಒಂದು ತೂತು. ಬಿಸಿಲು ಆ ತೂತಿನಿಂದ ತೂರಿ ಬಂದು ನನ್ನ ಚಹಾದ ಬಸಿಯಲ್ಲಿ ದುಂಡಗೆ ಕೂತಿತ್ತು.

ಮನೆಗೆ ಬಂದವರು ಅದನ್ನು ಹೋಮದ ಕಿಡಿ ಹಾರಿ ಆದದ್ದೆಂದು ತಿಳಿಯುತ್ತಾರೆ. ಅಪ್ಪ ತಿದ್ದಲು ಹೋಗುವುದಿಲ್ಲ. ನಿಮಗೆ ಮಾತ್ರ ಹೇಳುತ್ತೇನೆ: ಅದು ನನ್ನ ಫಟಫಟಿಯ ಸೈಲೆನ್ಸರ್ ಸುಟ್ಟದ್ದು.

ನನಗಿನ್ನೂ ಮೂವತ್ತು ತುಂಬಿಲ್ಲ. ನೆನಪು ಬರೆಯುವ ವಯಸ್ಸೇ ಇದು ಎಂದು ನೀವು ಕೇಳಬಹುದು. ಆದರೆ ದಿನಚರಿ ಬರೆಯುವ ಚಟದವರಿಗೆ ಮುಪ್ಪು ಬೇಗ ಬರುತ್ತದೆ. ಸಾಲಿಗೆ ಹೋಗುವಾಗಲೇ ನಾನು ಯಾವ ದಿನ ಯಾವ ಪಲ್ಯ, ಯಾವ ಮಾಸ್ತರರ ಕೈಯಿಂದ ಎಷ್ಟು ಛಡಿ ಏಟು ಎಂದೆಲ್ಲ ಬರೆದಿಡುತ್ತಿದ್ದೆ. ಓಣಿಯ ಹುಡುಗರು ಹಳೆಯ ಸೈಕಲ್ಲಿನ ರಿಮ್ಮಿಗೆ ಕೋಲು ಹಚ್ಚಿ ಹೋ ಎಂದು ಓಡಿಸುತ್ತಿದ್ದರೆ, ನಾನು ನನ್ನ ರಿಮ್ಮನ್ನು ಎಡಬದಿಗೇ ಓಡಿಸುತ್ತಿದ್ದೆ; ತಿರುವಿನಲ್ಲಿ ಕೈ ಚಾಚಿ ತೋರಿಸುತ್ತಿದ್ದೆ. ಒಂದು ಸಲ ಹಾಗೆ ಕೈ ತೋರಿಸಲು ಹೋಗಿ ರಿಮ್ಮು ಕೈತಪ್ಪಿ ತರಕಾರಿಯವಳ ಬುಟ್ಟಿಗೆ ನುಗ್ಗಿತ್ತು. ಬೈಸಿಕೊಂಡೆ. ಆದರೆ ನಿಯಮ ಪಾಲಿಸಿ ಬೈಸಿಕೊಂಡೆ ಎಂಬ ಸಮಾಧಾನವಿತ್ತು.

ಈ ಗುಣ ಬಂದದ್ದು ಅಪ್ಪನಿಂದ. ಅಪ್ಪ ರಾಮದುರ್ಗದಲ್ಲಿ ಪೌರೋಹಿತ್ಯ ಮಾಡುವವರು. ಪಂಚಾಂಗ ಕೇಳದೆ ಉಗುರು ಕೂಡ ತೆಗೆಯುವವರಲ್ಲ. ನನ್ನ ಮ್ಯಾಟ್ರಿಕ್ ಪರೀಕ್ಷೆಯ ಮೊದಲ ದಿನ ರಾಹುಕಾಲ ತಪ್ಪಿಸಲು ಬೆಳಕು ಹರಿಯುವ ಮೊದಲೇ ನನ್ನನ್ನು ಹೊಸ್ತಿಲು ದಾಟಿಸಿ, ಪರೀಕ್ಷೆಯ ಗಂಟೆ ಹೊಡೆಯುವ ತನಕ ಹೊಳೆಯ ದಂಡೆಯ ಮೇಲೆ ಕೂಡಿಸಿದ್ದರು. ಅವರ ಜೀವನದ ಅಭಿಮಾನ ಒಂದೇ: ಅವರು ಹಿಡಿದ ಮುಹೂರ್ತ ಒಂದೂ ತಪ್ಪಿಲ್ಲ. ಮದುಮಗ ತಡವಾಗಿ ಬಂದದ್ದುಂಟು, ಮಾಂಗಲ್ಯ ಮರೆತು ಬಂದದ್ದುಂಟು, ಒಂದು ಕಡೆ ಚಪ್ಪರವೇ ಬಿದ್ದದ್ದುಂಟು. ಅಪ್ಪ ಮಾತ್ರ ಹೇಳಿದ ಘಳಿಗೆಗೆ ವಧೂವರರ ತಲೆಗೆ ಅಕ್ಕಿಕಾಳು ಹಾಕಿಸಿದ್ದಾರೆ.

ಇಂಥ ಮನೆಗೆ ಫಟಫಟಿ ಬಂತು.

ನನಗೆ ಬೈಲಹೊಂಗಲದ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿ ನೋಡುವ ಕೆಲಸ. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಹೊಲಗಳಿಗೆ ಹೋಗಿ ಅರಳೆಯನ್ನು ಬೆರಳಲ್ಲಿ ಎಳೆದು ನೋಡಿ ಬರಬೇಕು. ಬಸ್ಸಿನಲ್ಲಿ ಓಡಾಡಿ ಸಾಕಾಗಿ ಗಾಡಿಗೆ ಹೆಸರು ಹಚ್ಚಿದ್ದೆ. ಆಗೆಲ್ಲ ಗಾಡಿ ಅಂಗಡಿಗೆ ಹೋದರೆ ಸಿಗುತ್ತಿರಲಿಲ್ಲ. ಹೆಸರು ಹಚ್ಚಿ, ಮರೆತು, ಕೊನೆಗೆ ಆಸೆಯನ್ನೇ ಬಿಟ್ಟ ಮೇಲೆ ಒಂದು ದಿನ ಬೆಳಗಾವಿಯಿಂದ ಕಾರ್ಡು ಬರುತ್ತಿತ್ತು. ನನಗೂ ಬಂತು. ಕೆಂಪು ಪೆಟ್ರೋಲ್ ಟಾಕಿ, ಎರಡೂ ಬದಿಗೆ ಹೊಳೆಯುವ ಸೈಲೆನ್ಸರ್. ನಿಂತಲ್ಲೇ ಓಡುತ್ತಿರುವಂತೆ ಕಾಣುವ ಗಾಡಿ ಅದು. ರಾಮದುರ್ಗದಲ್ಲಿ ಅಷ್ಟು ಓಟದ ಗಾಡಿ ಆಗ ಬೇರೆ ಇರಲಿಲ್ಲ. ವೇಗದ ಮಾಪಕದಲ್ಲಿ ನೂರಿಪ್ಪತ್ತರ ತನಕ ಅಂಕೆ ಬರೆದಿದ್ದರು.

ಗಾಡಿ ಕೊಡುವಾಗ ಅಲ್ಲಿಯ ಮಿಸ್ತ್ರಿ ಒಂದು ಮಾತು ಹೇಳಿದ. "ಹೊಸಾ ಇಂಜಿನ್ನು ಹೊಸಾ ಸೊಸಿ ಇದ್ದಂಗ ರೀ. ಬಂದ ದಿನಾನ ರೊಟ್ಟಿ ಬಡಿಸಬ್ಯಾಡ್ರಿ. ಸಾವಿರ ಕಿಲೋಮೀಟರ್ ಆಗೂತನಕಾ ನಲವತ್ತರ ಮ್ಯಾಲ ಹೋದ್ರ, ನಾ ಜವಾಬ್ದಾರ ಅಲ್ಲ."

ಗಾಡಿಯ ಜೊತೆ ಬಂದ ಪುಸ್ತಕದಲ್ಲೂ ಅದೇ ಬರೆದಿತ್ತು. ಬೇರೆಯವರಾದರೆ ಬೆಳಗಾವಿ ದಾಟುತ್ತಲೇ ಮರೆಯುತ್ತಿದ್ದರು. ನಾನು ಮರೆಯಲಿಲ್ಲ. ತಾಲೂಕಿನ ಅತಿ ವೇಗದ ಗಾಡಿಯನ್ನು ತಾಲೂಕಿನಲ್ಲೇ ಅತಿ ನಿಧಾನವಾಗಿ ಓಡಿಸುವ ಯೋಗ ನನ್ನದಾಯಿತು. ಮುಳ್ಳು ನಲವತ್ತನ್ನು ಮುಟ್ಟಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಯಾರು ಯಾರು ನನ್ನನ್ನು ಹಿಂದೆ ಹಾಕಿದರು ಎಂದು ದಿನಾ ಸಂಜೆ ಬರೆದಿಡುತ್ತಿದ್ದೆ. ಬಸ್ಸು, ಲಾರಿ, ಜೀಪುಗಳನ್ನು ಮೊದಲ ವಾರದಲ್ಲೇ ಲೆಕ್ಕದಿಂದ ಬಿಟ್ಟೆ, ಶಾಯಿ ದಂಡ. ಸುರೇಬಾನದ ಇಳಿಜಾರಿನಲ್ಲಿ ಹಾಲಿನ ಕ್ಯಾನಿನ ಸೈಕಲ್ಲಿನವನು ಗಂಟೆ ಬಾರಿಸುತ್ತ ಮುಂದೆ ಹೋದದ್ದನ್ನು ಬರೆದೆ. ಕಿತ್ತೂರಿನ ಹಾದಿಯಲ್ಲಿ ಎತ್ತಿನ ಗಾಡಿಯೊಂದು ಹೋದದ್ದನ್ನು ಬರೆದು ಪಕ್ಕದಲ್ಲಿ 'ಎತ್ತು ಬೆದರಿತ್ತು' ಎಂದು ಕಂಸದಲ್ಲಿ ಸೇರಿಸಿದೆ. ಸತ್ಯವೇ ಆದರೂ, ಮರ್ಯಾದೆ ಉಳಿಸಲು ಸೇರಿಸಿದ್ದೆಂದು ಯಾರಿಗಾದರೂ ಗೊತ್ತಾಗುತ್ತಿತ್ತು.

ಹಿಂದಿನವರ ಹಾರ್ನು ತಡೆಯದೆ ಗಾಡಿಯ ಹಿಂದೆ ಒಂದು ತಗಡು ಬರೆಸಿ ತೂಗುಹಾಕಿದೆ: 'ಹೊಸ ಇಂಜಿನ್. ದಯವಿಟ್ಟು ಮುಂದೆ ಹೋಗಿರಿ.' ಸವದತ್ತಿ ಬಸ್ಸಿನ ಕಂಡಕ್ಟರು ಬಾಗಿಲಿನಿಂದ ಅರ್ಧ ಹೊರಗೆ ಜೋತು ಅದನ್ನು ಓದಿದ.

"ಮುಂದ ಹೋಗೂದು ನಮಗ ಗೊತ್ತೈತ್ರೀ ಸಾಹೇಬ್ರ! ನಿಮ್ಮನ್ನ ಬಿಟ್ಟು ಹೋಗಾಕ ಮನಸಾಗವಲ್ದು. ಹಗ್ಗ ಒಗೀಲೇನು?"

ಇಡೀ ಬಸ್ಸು ನಕ್ಕಿತು.

ಊರೆಲ್ಲ ನಗುವಾಗ ನಗದೇ ಇದ್ದವರು ಅಪ್ಪ ಒಬ್ಬರೇ. ಗಾಡಿ ಬಂದ ದಿನ ಅವರು ಅದನ್ನು ದೂರದಿಂದಲೇ ಒಂದು ಸುತ್ತು ಹಾಕಿ ನೋಡಿದ್ದರು. ಮುಟ್ಟಲಿಲ್ಲ. ಕೂಡುವ ಜಾಗ ಚರ್ಮದ್ದೋ ಏನೋ ಎಂಬ ಅನುಮಾನ. ಅದು ರೆಕ್ಸಿನ್, ಬಟ್ಟೆಯ ಮೇಲೆ ಹಚ್ಚಿದ ಬಣ್ಣ ಎಂದರೂ ನಂಬಲಿಲ್ಲ. ಆದರೆ ನಲವತ್ತರ ನಿಯಮ ಕೇಳಿದ್ದೇ ಅವರ ಮುಖ ಅರಳಿತು.

"ಎಷ್ಟರ ತನಕಾ ಈ ವ್ರತ?"

"ಸಾವಿರ ಕಿಲೋಮೀಟರ್ ಆಗೋ ತನಕಾ."

"ಸಹಸ್ರ! ಛಲೋ ಆತು. ಸಂಖ್ಯಾ ಪೂರ್ತಿ ಆಗಬೇಕು ನೋಡು. ಒಂದು ಕಮ್ಮಿ ಆದ್ರೂ ಫಲ ಇಲ್ಲ."

ಅಂದಿನಿಂದ ನಾನು ಕೆಲಸದಿಂದ ಬಂದ ಕೂಡಲೇ ಅಪ್ಪ ಜಪಮಣಿ ಎಣಿಸುವುದನ್ನು ನಿಲ್ಲಿಸಿ "ಎಷ್ಟಾತು?" ಎನ್ನುವರು. "ಆರುನೂರು ದಾಟಿತು" ಎಂದರೆ ಹೂಂಗುಟ್ಟಿ ಮತ್ತೆ ಮಣಿಗೆ ಮರಳುವರು. ನಮ್ಮಿಬ್ಬರ ನಡುವೆ ಅಷ್ಟು ಮಾತು ಅದಕ್ಕೂ ಮೊದಲು ನಡೆದಿರಲಿಲ್ಲ.

ಇನ್ನು ಮಗುಟ ಸುಟ್ಟ ದಿನಕ್ಕೆ ಬರುತ್ತೇನೆ.

ಮಾಘ ಮಾಸ. ಸಿರಸಂಗಿಯಲ್ಲಿ ನಮ್ಮ ಹಳೆಯ ಯಜಮಾನರಾದ ಕುಲಕರ್ಣಿಯವರ ಮಗಳ ಮದುವೆ. ಆ ಮನೆಯ ಮೂರು ತಲೆಮಾರಿನ ಅಕ್ಕಿಕಾಳನ್ನು ನಮ್ಮ ಮನೆಯವರೇ ಹಾಕಿಸಿದ್ದು. ಮುಂಚಿನ ಶಾಸ್ತ್ರಗಳನ್ನು ಆ ಊರಿನ ಆಚಾರ್ಯರು ಮುಗಿಸುತ್ತಿದ್ದರು. ಮುಹೂರ್ತಕ್ಕೆ ಮಾತ್ರ ಅಪ್ಪನೇ ಬೇಕು. ಬೀಗರು ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡವರು. ಅದರ ಮೇಲೆ ಗುರು ಅಸ್ತವಾಗುವುದಿತ್ತು. ಆ ಬೆಳಗಿನ ಮುಹೂರ್ತ ತಪ್ಪಿದರೆ ತಿಂಗಳುಗಟ್ಟಲೆ ಬೇರೆ ಮುಹೂರ್ತವಿರಲಿಲ್ಲ.

ಎಂದಿನಂತೆ ಅಪ್ಪ ಹಿಂದಿನ ಸಂಜೆಯೇ ಹೋಗಿರಬೇಕಿತ್ತು. ಆದರೆ ಅಂದು ಗೆಳೆಯರೊಬ್ಬರ ಮನೆಯ ಶ್ರಾದ್ಧಕ್ಕೆ ಊಟಕ್ಕೆ ಕೂತಿದ್ದರು. ಶ್ರಾದ್ಧದ ಊಟ ಉಂಡವರು ಅಂದು ಊರ ಸೀಮೆ ದಾಟುವ ಹಾಗಿಲ್ಲ. ಸರಿ, ಬೆಳಗಿನ ಮೊದಲ ಬಸ್ಸಿಗೆ ಹೋಗುವುದೆಂದಾಯಿತು. ಆ ಬಸ್ಸು ಬರಲೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಾದು ಕಾದು ಅಪ್ಪ ಮನೆಗೆ ಮರಳಿದಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಮದುವೆ ನಿಂತದ್ದು ಕುಲಕರ್ಣಿಯವರ ಮಗಳದಲ್ಲ, ಇವರ ಮಗಳದೇ ಎನ್ನಬೇಕು.

ನಾನು ಮೆಲ್ಲಗೆ, "ಗಾಡಿ ಅದ" ಎಂದೆ.

"ಹೋಗಿ ಮುಟ್ಟಿದ ಮ್ಯಾಲ ಸ್ನಾನ ಮಾಡಿ ಮಡಿ ಉಡ್ಲಿಕ್ಕೆ ವ್ಯಾಳ್ಯಾ ಎಲ್ಲದನೋ?" ಎಂದರು ಅಪ್ಪ.

ತೀರ್ಪು ಕೊಟ್ಟವಳು ಅವ್ವ. "ಇಲ್ಲೇ ಮಡಿ ಉಟಗೊಂಡು ಕೂಡ್ರಿ. ನಿಮ್ಮನ್ನ ಮುಟ್ಟಿ ಕೂಡೋನು ಅವನೂ ಮಡೀಲೇನ ಇರ್ಲಿ. ಸೀಟಿನ ಮ್ಯಾಲ ಧಾಬಳಿ ಹಾಸಿದ್ರ ಆತು. ಉಣ್ಣಿಗೆ ಮೈಲಿಗಿ ಇಲ್ಲ."

ಧಾಬಳಿ ಮಡಿಗೆಂದೇ ಇಟ್ಟ ಉಣ್ಣೆಯ ಬಟ್ಟೆ. ಅಪ್ಪ ಎರಡು ಕ್ಷಣ ಯೋಚಿಸಿ ತಲೆಯಾಡಿಸಿದರು. ನಾನು ಬಚ್ಚಲಿಗೆ ಓಡಿದೆ. ತಣ್ಣೀರು ಸುರಿದುಕೊಂಡು, ಅಪ್ಪನ ಎರಡನೆಯ ಮಗುಟವನ್ನು ಕಚ್ಚೆ ಹಾಕಿ ಬಿಗಿದು, ಬರಿಮೈಯಲ್ಲಿ ನಡುಗುತ್ತ ಹೊರಗೆ ಬಂದರೆ ಗಾಡಿಯೂ ನಡುಗುವಂತೆ ನಿಂತಿದೆ. ಹೆಡ್‌ಲೈಟಿನಿಂದ ಹಿಂದಿನ ತಗಡಿನ ತನಕ ನೀರು ತೊಟ್ಟಿಕ್ಕುತ್ತಿದೆ. ಟಾಕಿಯ ಮೇಲೆ ಅರಿಶಿನ, ಕುಂಕುಮ. ಪಕ್ಕದಲ್ಲಿ ಖಾಲಿ ಕೊಡ ಹಿಡಿದ ಅವ್ವ.

"ಅವ್ವಾ! ಏನ್ ಮಾಡಿದಿ?"

"ಸ್ನಾನಾ ಮಾಡಿಸೀನಿ. ಎಲ್ಲೆಲ್ಲಿ ತಿರಿಗಿ ಏನೇನು ತುಳದು ಬಂದದೋ! ಕೂತವರಿಬ್ಬರೂ ಮಡಿ, ಹೊತ್ತದ್ದು ಮೈಲಿಗಿ ಅಂದ್ರ ಹ್ಯಾಂಗ? ಮೂಲಿ ಮೂಲಿಗೂ ಹಾಕೀನಿ ನೀರು. ಆ ಬೆಳ್ಳಗಿನ ಗುಬಟ ಅದ ನೋಡು, ಅದರ ಸಂದೀಗೂ."

ಆ ಬೆಳ್ಳಗಿನ ಗುಬಟವೇ ಸ್ಪಾರ್ಕ್ ಪ್ಲಗ್ಗು. ಕಿಕ್ ಹೊಡೆದೆ. ಗಾಡಿ ಒಂದು ಸಲ ಸೀನಿತು. ಮತ್ತೆ ಹೊಡೆದೆ. ಅದೂ ಇಲ್ಲ. ರೇಷ್ಮೆ ಕಚ್ಚೆಯಲ್ಲಿ ಕಿಕ್ ಹೊಡೆಯುವುದನ್ನು ನೀವು ಮಾಡಿ ನೋಡಬೇಡಿ; ಪ್ರತಿ ಏಟಿಗೂ ಒಂದು ಕೈ ಗಾಡಿಗೆ, ಒಂದು ಕೈ ಮಾನಕ್ಕೆ ಬೇಕಾಗುತ್ತದೆ. ಕೊನೆಗೆ ಪ್ಲಗ್ಗು ಬಿಚ್ಚಿದೆ. ನೀರು, ಎಣ್ಣೆ, ಪೆಟ್ರೋಲು ಕೂಡಿ ಪಂಚಾಮೃತವಾಗಿತ್ತು. ಒರೆಸಿ ಊದಿದರೂ ಕಿಡಿ ಬರಲಿಲ್ಲ. ಅದಕ್ಕೀಗ ಬೆಂಕಿಯ ಕಾವು ಬೇಕು. ಬೆಂಕಿ ಇದ್ದದ್ದು ಅಡುಗೆಮನೆಯ ಮಡಿ ಒಲೆಯಲ್ಲಿ.

ಅಪ್ಪ ಸೊಂಟದ ಗಡಿಯಾರ ತೆಗೆದು ನೋಡಿದರು. ಅವ್ವ ಅವರ ಮುಖ ನೋಡಿದಳು. ನೋಡಿ, ನನ್ನ ಕಡೆ ಕೈ ಚಾಚಿದಳು.

"ಕೊಡಿಲ್ಲೆ. ಒಲೀಗೆ ಎಣ್ಣಿ ಹೊಸದೇನು?"

ಒಗ್ಗರಣೆಯ ಕಬ್ಬಿಣದ ಸೌಟಿನಲ್ಲಿ ಪ್ಲಗ್ಗನ್ನು ಇಟ್ಟು, ಸಾಸಿವೆ ಹುರಿಯುವ ಹಾಗೆ ಅಲ್ಲಾಡಿಸುತ್ತ ಹುರಿದು ತಂದಳು. ಮುಂದೆ ಬಹಳ ದಿನ ನಮ್ಮ ಮನೆಯ ಸಾರಿನಲ್ಲಿ ಪೆಟ್ರೋಲಿನ ಪರಿಮಳ ಇತ್ತು ಎಂದು ನನಗೆ ಅನಿಸುತ್ತದೆ. ಅವ್ವ ಒಪ್ಪುವುದಿಲ್ಲ. ಬಿಸಿ ಪ್ಲಗ್ಗನ್ನು ಬಾಳೆಲೆಯಲ್ಲಿ ಹಿಡಿದು ತಿರುಗಿಸಿ ಕೂಡಿಸಿದೆ. ಕಿಕ್ ಹೊಡೆದೆ. ಗಾಡಿ ಕೂಗಿತು. ಓಣಿಯೆಲ್ಲ ಬಾಗಿಲಿಗೆ ಬಂತು.

ಹೀಗೆ ನಾವು ಹೊರಟೆವು. ಮುಂದೆ ಬರಿಮೈಯ ನಾನು, ಹಿಂದೆ ಬರಿಮೈಯ ಅಪ್ಪ. ಇಬ್ಬರಿಗೂ ಬದನೆಕಾಯಿ ಬಣ್ಣದ ಮಗುಟ. ಅಪ್ಪನ ಹೆಗಲಿಗೆ ಶಲ್ಯ, ಕಂಕುಳಲ್ಲಿ ದರ್ಭೆಯ ಚೀಲ, ಹಣೆಯಲ್ಲಿ ಮುದ್ರೆ. ಮಾಘದ ಗಾಳಿ ಎದೆಗೆ ಸೂಜಿಯಂತೆ ಚುಚ್ಚುತ್ತಿತ್ತು. ಊರ ಹೊರಗೆ ಕಟ್ಟಿಗೆ ಹೊತ್ತ ಮುದುಕಿಯೊಬ್ಬಳು ಹೊರೆ ಇಳಿಸಿ ಕೈ ಮುಗಿದಳು. ಯಾವ ದೇವರೆಂದು ತಿಳಿದಳೋ.

ಹೊರಡುವಾಗ ಮೀಟರಿನಲ್ಲಿ ಸಾವಿರಕ್ಕೆ ಎಂಟು ಕಿಲೋಮೀಟರ್ ಕಮ್ಮಿ ಇತ್ತು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಲವತ್ತರಲ್ಲೇ ಹೋದರೆ ನಾವು ಸಿರಸಂಗಿ ಮುಟ್ಟುವ ಹೊತ್ತಿಗೆ ಮುಹೂರ್ತ ಮುಗಿದು ಹತ್ತು ನಿಮಿಷ ಆಗಿರುತ್ತಿತ್ತು. ಅಪ್ಪನ ಮೂವತ್ತು ವರ್ಷದ ಹೆಸರಿನ ಮುಂದೆ ನನ್ನ ಇಂಜಿನ್ನು ಎಷ್ಟರದು? ಆಗಿದ್ದಾಗಲಿ ಎಂದು ಎಕ್ಸಿಲರೇಟರ್ ತಿರುವಿದೆ. ಮುಳ್ಳು ನಲವತ್ತೈದಕ್ಕೆ ಹೋದದ್ದೇ ಭುಜದ ಮೇಲೆ ಒಂದು ಗುದ್ದು ಬಿತ್ತು.

"ಸಾವಿರ ಆತೇನು?" ಎಂದು ಅಪ್ಪ ಕಿವಿಯಲ್ಲಿ ಕೂಗಿದರು.

"ಇಲ್ಲ. ಇನ್ನೂ ಏಳು ಅದ. ಆದ್ರ ಹಿಂಗ ಹೋದ್ರ ಮುಹೂರ್ತ ತಪ್ಪತದ!"

"ಏಕಾದಶಿ ಸಂಜೀಕೆ ಹಸಿವ್ಯಾತು ಅಂತ ಉಪವಾಸ ಮುರೀತಾರೇನೋ? ಇಳಸು."

"ಅಪ್ಪಾ, ಇದು ಗಾಡಿ!"

"ಗಾಡಿ ಇರ್ಲಿ, ಗಾಯತ್ರಿ ಇರ್ಲಿ. ಸಂಖ್ಯಾ ಅಂದ್ರ ಸಂಖ್ಯಾ."

ಇಳಿಸಿದೆ. ಬೇರೇನು ಮಾಡಲಿ? ಭೂಮಿಯ ಮೇಲೆ ಅಷ್ಟು ಅವಸರದಲ್ಲಿದ್ದ ಇಬ್ಬರು ಅಷ್ಟು ನಿಧಾನವಾಗಿ ಹೋದದ್ದು ಬೇರೆ ಇರಲಾರದು. ಜೋಳದ ಕಣದ ಹತ್ತಿರ ಎತ್ತಿನ ಗಾಡಿಯ ರೈತನೊಬ್ಬ ನಮ್ಮ ಜೊತೆ ಜೊತೆಗೇ ಸ್ವಲ್ಪ ದೂರ ಎತ್ತು ಓಡಿಸಿದ. ಹರಟೆಗೆ ಅನುಕೂಲವಾಗಲೆಂದು.

"ಏನ್ರೀ ಭಟ್ಟರ, ಲಗ್ನಕ್ಕ ಹೊಂಟೀರೋ, ಮುಗಿಸಿಕೊಂಡು ಬರಾಕತ್ತೀರೋ?"

"ಹೊಂಟೇವಪಾ."

"ಹಂಗಾರ ನಮ್ಮ ಗಾಡಿ ಹತ್ರಿ. ಲಗೂನ ಮುಟ್ಟಿಸ್ತೇನಿ."

ಅಪ್ಪನ ಕಣ್ಣು ನನ್ನ ಭುಜದ ಮೇಲಿಂದ ಮೀಟರಿನ ಮೇಲೆ ನೆಟ್ಟಿತ್ತು. ಒಂಬತ್ತು ನೂರಾ ತೊಂಬತ್ತೊಂಬತ್ತು ಬಂತು. ಆ ಕೊನೆಯ ಒಂಬತ್ತು ಅಷ್ಟು ಸಾವಕಾಶ ತಿರುಗಿತೆಂದರೆ, ಹಿಂದೆ ನಮ್ಮಪ್ಪನ ಉಸಿರು ನಿಂತದ್ದು ನನಗೆ ಕೇಳಿಸಿತು. ಮೂರು ಒಂಬತ್ತುಗಳೂ ಒಟ್ಟಿಗೆ ಮಗುಚಿ ಸೊನ್ನೆಗಳಾದವು.

"ಆತು?"

"ಆತು."

"ಕೃಷ್ಣಾರ್ಪಣ. ಈಗ ಹೊಡಿ."

ಹೊಡಿ ಎಂದರೇನೋ ಸರಿ. ನಲವತ್ತರ ಆಚೆಯ ಲೋಕ ನನಗೂ ಗೊತ್ತಿರಲಿಲ್ಲ. ಐವತ್ತರ ತನಕ ಗಾಡಿ ಎಂದಿನಂತೆಯೇ ಇತ್ತು. ಅದು ದಾಟಿದ್ದೇ ಏನಾಯಿತೋ, ಯಾರೋ ಹಿಂದಿನಿಂದ ಎರಡೂ ಕೈಯಿಂದ ದಬ್ಬಿದ ಹಾಗೆ ಗಾಡಿ ಹಾರಿತು. ಸೈಲೆನ್ಸರಿನ ಸದ್ದು ಫಟಫಟ ಬಿಟ್ಟು ಒಂದೇ ಎಳೆಯ ರಾಗ ಹಿಡಿಯಿತು. ಹಾದಿಯ ಬೇವಿನ ಮರಗಳು ಒಂದಕ್ಕೊಂದು ಅಂಟಿಕೊಂಡವು. ನನ್ನ ಕಣ್ಣಲ್ಲಿ ನೀರು. ಹಲ್ಲು ಕಚ್ಚಿದ್ದೆ, ಚಳಿಗೋ ಅಂಜಿಕೆಗೋ ಹೇಳಲಾರೆ. ಎಪ್ಪತ್ತು ಬಂತು. ಎಂಬತ್ತು ಬಂತು.

ಆಗ ಸುಟ್ಟ ವಾಸನೆ ಬಡಿಯಿತು.

ಮುಗಿಯಿತು, ಇಂಜಿನ್ನು ಹಿಡಿದುಕೊಂಡಿತು ಎಂದೇ ತಿಳಿದೆ. ಮಿಸ್ತ್ರಿಯ ಮುಖ ಕಣ್ಣ ಮುಂದೆ ಬಂತು. "ಅಪ್ಪಾ, ಏನೋ ಸುಡ್ಲಿಕ್ಹತ್ತೇದ! ನಿಲ್ಲಸ್ತೀನಿ!" ಎಂದೆ.

"ನಿಲ್ಲಸಬ್ಯಾಡ! ನನ್ನ ಮಗುಟ ಅದು. ಸುಡ್ಲಿ!"

ಸ್ವಲ್ಪ ಹೊತ್ತಿಗೆ ಶಲ್ಯವೂ ಹಾರಿಹೋಯಿತು. "ಹೋತು ಹೋಗ್ಲಿ ಬಿಡು!" ಎಂದು ಹಿಂದಿನಿಂದ ಕೂಗು ಬಂತು. ಆ ದನಿ ನಾನು ಬಲ್ಲ ಅಪ್ಪನದಾಗಿರಲಿಲ್ಲ; ಹತ್ತು ವರ್ಷದ ಯಾವನೋ ಹುಡುಗನದಾಗಿತ್ತು. ಮುಂದಿನ ತಿರುವಿನಲ್ಲಿ ನಮ್ಮೂರಿಗೆ ಬರಬೇಕಿದ್ದ ಬೆಳಗಿನ ಬಸ್ಸು ಬಾನೆಟ್ ತೆರೆದು ನಿಂತಿತ್ತು. ಬದಿಗೆ ಕೂತು ಬೀಡಿ ಸೇದುತ್ತಿದ್ದ ನಮ್ಮ ಕಂಡಕ್ಟರು ಎದ್ದು ನಿಂತ. 'ದಯವಿಟ್ಟು ಮುಂದೆ ಹೋಗಿರಿ' ಎಂಬ ತಗಡು ತನ್ನ ಮುಂದೆಯೇ ಹಾರಿಹೋದದ್ದನ್ನು ನೋಡಿ ಅವನು ಬೀಡಿ ಕೆಳಗೆ ಹಾಕಿದ್ದು ಮಾತ್ರ ನನಗೆ ಕಂಡಿತು. ಏನೋ ಕೂಗಿದ. ಅದು ನಮ್ಮನ್ನು ಮುಟ್ಟಲಿಲ್ಲ.

ಮುಹೂರ್ತ ತಪ್ಪಲಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ, ನೀವು ಚಿಂತೆ ಮಾಡಬೇಡಿ. ಹುಡುಗಿ ಈಗ ಎರಡು ಮಕ್ಕಳ ತಾಯಿ. ಬೀಗರ ಸಿಟ್ಟು ಮಾತ್ರ ಇನ್ನೂ ಮೂಗಿನ ಮೇಲೇ ಇದೆ. ಅಪ್ಪ ಹೇಳಿದ ಘಳಿಗೆಗೇ ಅಕ್ಕಿಕಾಳು ಬಿದ್ದವು. ನಾನು ಹೇಳಬೇಕಾದದ್ದು ಅದಕ್ಕಿಂತ ತುಸು ಮೊದಲಿನದು.

ಸಿರಸಂಗಿಯ ಚಪ್ಪರ ಕಾಣಿಸಿತು. ವಾದ್ಯದವರು ಸುಮ್ಮನೆ ನಿಂತಿದ್ದರು. ಹಾದಿಯ ಬದಿಗೆ ಕುಲಕರ್ಣಿಯವರು ಪಾದ ತೊಳೆಯಲು ನೀರಿನ ತಂಬಿಗೆ ಹಿಡಿದು, ಪೇಟ ಓರೆಯಾಗಿ, ಹಣೆಗೆ ಕೈ ಹಚ್ಚಿ ನಮ್ಮ ದಿಕ್ಕಿಗೇ ನೋಡುತ್ತಿದ್ದರು. ಅವರ ಹಿಂದೆ ಬೀಗರು ಸಾಲಾಗಿ. ನನ್ನ ಕಣ್ಣು ತುಂಬಿ ಬಂತು. ಗಾಳಿಗೆ. ವೇಗ ಇಳಿಸಲು ಶುರು ಮಾಡಿದೆ. ಅಪ್ಪ ಗಡಿಯಾರ ತೆಗೆದು ನೋಡಿದ್ದು ಬೆನ್ನಿಗೆ ತಿಳಿಯಿತು. ಅವರು ನನ್ನ ಕಿವಿಯ ಹತ್ತಿರಕ್ಕೆ ಬಾಗಿದರು.

"ಇನ್ನೂ ಐದು ನಿಮಿಷ ಅದ."

"ಹೌದು, ಗೆದ್ವಿ."

ಅಪ್ಪ ಗಡಿಯಾರವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ, ಗುಟ್ಟು ಹೇಳುವವರ ಹಾಗೆ, "ಆ ಮುಂದಿನ ಹುಣಸೀಗಿಡದ ತನಕಾ ಹೋಗಿ ಬರೋಣೇನು?" ಎಂದರು.

ನಾನು ಗೇರು ಬದಲಿಸಿದೆ. ಚಪ್ಪರ, ವಾದ್ಯದವರು, ಬಾಯಿ ತೆರೆದ ಬೀಗರು ಎಲ್ಲರೂ ಎಡಗಡೆಗೆ ಸರ್ರನೆ ಹಿಂದೆ ಹೋದರು. ಕುಲಕರ್ಣಿಯವರು ತಂಬಿಗೆಯ ನೀರು ಚೆಲ್ಲುತ್ತ ನಮ್ಮ ಬೆನ್ನು ಹತ್ತಿ ಓಡಿ ಬಂದರು.

"ಭಟ್ಟರ! ಇಲ್ಲೇ ರೀ! ಮದುವಿ ಇಲ್ಲೇ!"

ಬಿಚ್ಚಿದ ಜುಟ್ಟು ಬಾವುಟದಂತೆ ಹಾರುತ್ತಿರಲು, ಅಪ್ಪ ದರ್ಭೆಯ ಚೀಲವನ್ನು ಮೇಲೆತ್ತಿ ಕೂಗಿದರು:

"ನೀರು ತುಂಬಿಸಿಕೊಂಡು ನಿಂದರ್ರಿ, ಬಂದೆವು!"